ಮುಚ್ಚಿದ ಗಣಿಗೆ ಸೊನ್ನೆ

ಜನವರಿ 12

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಯಜಮಾನರು, ನಮ್ಮ ಮೇಷ್ಟ್ರು, ಹೇಗಿದ್ದಾರೆ? ಉತ್ತರಪತ್ರಿಕೆ ತಿದ್ದಿ ತಿದ್ದಿ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದದ್ದು ಸರಿಹೋಯಿತೇ? ಮಕ್ಕಳು ಹೇಗಿದ್ದಾರೆ, ಗುಬ್ಬಿಯ ಕೆಮ್ಮು ಇಳಿಯಿತೇ? ಡಬ್ಬಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಬೊಚ್ಚುಬಾಯಲ್ಲೇ ಮನೆಯವರಿಗೆಲ್ಲ ಭಾಷಣ ಬಿಗಿಯುತ್ತಿದ್ದಾನೋ? ಇಲ್ಲಿ ನಾನು ಚೆನ್ನಾಗಿದ್ದೇನೆ, ಮಂಡಿ ಒಂದನ್ನು ಬಿಟ್ಟು. ನಿನ್ನಪ್ಪನೂ ಚೆನ್ನಾಗಿದ್ದಾನೆ, ಬಾಯಿ ಒಂದನ್ನು ಬಿಟ್ಟು. ಹಸು ಕೆಂಪಿ ಗಬ್ಬವಾಗಿದ್ದಾಳೆ.

ನಿನ್ನ ಕಾಗದವನ್ನು ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ನಿನ್ನಪ್ಪ ಯಾವುದೋ ನಲ್ಲಿಯನ್ನು ಅರದಿಂದ ಉಜ್ಜುತ್ತಾ ಕೇಳಿಸಿಕೊಳ್ಳದವನ ಹಾಗೆ ಕೂತಿದ್ದ. ನೀನು ಕಚೇರಿಯಲ್ಲಿ ಬಡ್ತಿ ಸಿಕ್ಕಿ ಹೊಸ ಕೋಣೆಗೆ ಹೋದದ್ದು, ಅಲ್ಲಿ ದೇಶದ ಮೀಥೇನನ್ನೆಲ್ಲ ಕೂಡಿಸಿ ವರ್ಷಕ್ಕೊಂದು ಪುಸ್ತಕ ಮಾಡುವುದು, ದನ ತೇಗುವುದರಿಂದ ಹಿಡಿದು ಗ್ಯಾಸಿನ ಕೊಳವೆ ಸೋರುವವರೆಗೆ ಎಲ್ಲ ಅದರಲ್ಲಿ ಬರುವುದು, ಇದನ್ನು ಓದುವಾಗ ಪಕ್ಕದ ಮನೆಯ ಡ್ರೈವರಣ್ಣ ಬಂದ. ಗಣಿಯಲ್ಲಿ ಜನರನ್ನು ಇಳಿಸುವ ತೊಟ್ಟಿಲಿನ ಇಂಜಿನ್ ನಡೆಸುತ್ತಿದ್ದನಲ್ಲ, ಅವನೇ. "ಕೆಂಪಿ ತೇಗಿದ್ದಕ್ಕೂ ಸರ್ಕಾರದಲ್ಲಿ ಲೆಕ್ಕ ಇದ್ಯಾ? ಹಾಗಾದ್ರೆ ನನ್ನನ್ನೂ ಸೇರಿಸೋಕೆ ಹೇಳಿ ಅಕ್ಕ. ಊಟ ಆದ್ಮೇಲೆ ಬಂದ್ರೆ ಒಳ್ಳೇ ಲೆಕ್ಕ ಸಿಗುತ್ತೆ" ಎಂದ. ನಿನ್ನಪ್ಪ ತಲೆ ಎತ್ತದೆ, "ನಿನ್ನನ್ನ ಸೇರಿಸಿದ್ರೆ ದೇಶದ ಮರ್ಯಾದೆ ಹೋಗುತ್ತೆ" ಎಂದ. ಕೇಳಿಸಿಕೊಳ್ಳುತ್ತಿದ್ದ ಅಂತ ಆಗ ಗೊತ್ತಾಯಿತು.

ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ ಬಂದಾಗ ಮಾತ್ರ ನಿನ್ನಪ್ಪ ಅರವನ್ನು ಕೆಳಗಿಟ್ಟ. ಗಣಿ ಮುಚ್ಚಿದಾಗ, ಒಳಗೆ ಗಾಳಿಯಾಡಲು ತೋಡಿದ್ದ ಗಾಳಿಬಾವಿಯ ಬಾಯಿಗೆ ಚಪ್ಪಡಿ ಎಳೆದು ಒಂದು ಕಬ್ಬಿಣದ ಕೊಳವೆ ಬಿಟ್ಟಿದ್ದರಲ್ಲ, ಅದರಿಂದ ಈಗಲೂ ಗ್ಯಾಸು ಬರುತ್ತದೆಯೇ ಎಂದು ಕೇಳಿದ್ದೀಯ. ಬರುತ್ತದೆ ಪುಟ್ಟಿ. ಬರುವುದಷ್ಟೇ ಅಲ್ಲ. ನಿನ್ನಮ್ಮ ಹೋದ ಮೇಲೆ ನಿನ್ನಪ್ಪ ಸುಮ್ಮನೆ ಕೂರಲಾರದೆ ಏನು ಮಾಡಿದ ಅಂತ ನಿನಗೆ ಯಾರೂ ಬರೆದಿಲ್ಲ. ಈಗ ನಾನು ಬರೆಯಲೋ ಬೇಡವೋ ಅಂತ ತಿಳಿಯುತ್ತಿಲ್ಲ. "ಬರೀಬೇಡ ಅಕ್ಕ. ಕಚೇರಿಯವರ ಕಿವಿಗೆ ಬಿದ್ರೆ ಬಂದು ಮುಚ್ಚಿಬಿಡ್ತಾರೆ" ಎನ್ನುತ್ತಾನೆ ನಿನ್ನಪ್ಪ.

ನಾನು ಗಣಿಗೆ ಇಳಿಯುವವರಿಗೆ ದೀಪ ಹಂಚುತ್ತಾ ದೀಪದ ಕೋಣೆಯಲ್ಲಿ ಬದುಕು ಸವೆಸಿದವಳು. ಶಾಲೆಯ ಮೆಟ್ಟಿಲು ಹತ್ತದೆ, ಅಲ್ಲಿನ ಗೋಡೆಯ ಎಚ್ಚರಿಕೆ ಫಲಕಗಳನ್ನು ಓದಿಯೇ ಅಕ್ಷರ ಕಲಿತೆ. ಕೇಳಿದ್ದಕ್ಕೆ ಸುಳ್ಳು ಹೇಳುವುದು ನನಗೆ ಬಾರದು. ಆದ್ದರಿಂದ ಮೊದಲು ನೀನು ಹೇಳು. ನಾನು ಬರೆದರೆ ಮುಚ್ಚುತ್ತಾರೆಯೇ?

ಇಂತಿ,
ನಿನ್ನ ಅತ್ತೆ

*

ಜನವರಿ 28

ಅತ್ತೆಗೆ ನಮಸ್ಕಾರಗಳು.

ಎಲ್ಲರೂ ಕ್ಷೇಮ. ಮೇಷ್ಟ್ರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದಾರೆ. ಡಬ್ಬಿಗೆ ಹಲ್ಲು ಬಂದಿದೆ, ಭಾಷಣ ನಿಂತಿಲ್ಲ.

ನಮ್ಮ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆಯಿದೆ. ಮೂರು ದಶಕದ ಮೀಥೇನು ಅದರಲ್ಲಿ ಬಣ್ಣ ಬಣ್ಣದ ಗೆರೆಗಳಾಗಿ ನಿಂತಿದೆ. ದನಕರುಗಳ ಗೆರೆ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನೀರು ನಿಲ್ಲಿಸಿ ಬೆಳೆಯುವ ಗದ್ದೆಗಳದ್ದು ಸ್ವಲ್ಪ ಇಳಿದಿದೆ. ಗ್ಯಾಸಿನ ಕೊಳವೆಗಳದ್ದು ಈಚೆಗೆ ಮೇಲೇರುತ್ತಿದೆ. ಕಲ್ಲಿದ್ದಲಿನ ಗೆರೆ ಒಂದು ಕಾಲಕ್ಕೆ ಎಲ್ಲಕ್ಕಿಂತ ಎತ್ತರವಿತ್ತು, ಗಣಿಗಳು ಮುಚ್ಚುತ್ತಾ ಹೋದ ಹಾಗೆ ಕಡಿದು ಬಿದ್ದಂತೆ ಇಳಿದಿದೆ. ದೊಡ್ಡವರು ಬಂದಾಗಲೆಲ್ಲ ಆ ಇಳಿಜಾರನ್ನು ಬೊಟ್ಟು ಮಾಡಿ ತೋರಿಸುತ್ತಾರೆ, ಪಟ ತೆಗೆಸಿಕೊಳ್ಳುತ್ತಾರೆ.

ನನಗೆ ಆ ಇಳಿಜಾರಿನ ಮೇಲೆ ನಂಬಿಕೆಯಿಲ್ಲ. ಗಣಿ ಮುಚ್ಚಿದ ವರ್ಷದಿಂದ ಅದರ ಮುಂದೆ ಸೊನ್ನೆ ಬರೆಯುತ್ತಾ ಬಂದಿದ್ದಾರೆ. ಹೋಗಿ ನೋಡಿ ಬರೆದದ್ದಲ್ಲ, ಮುಚ್ಚಿದೆ ಅಂದಮೇಲೆ ಏನೂ ಇರಲಾರದು ಅಂತ ಬರೆದದ್ದು. ಈ ಗ್ಯಾಸು ಹೊಗೆಯ ಇಂಗಾಲಾಮ್ಲಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಸಿ ಹಿಡಿದಿಡುತ್ತದೆ ಅತ್ತೆ. ಲೆಕ್ಕವೇ ಸುಳ್ಳಾದರೆ ಮುಂದೆ ಮಾಡುವುದೆಲ್ಲ ಸುಳ್ಳೇ. ಒಂದು ಗಣಿಯದ್ದಾದರೂ ನಿಜವಾದ ವಿವರ ಸಿಕ್ಕರೆ ಉಳಿದವನ್ನೂ ನೋಡಿಬನ್ನಿ ಎಂದು ನಾನು ಪಟ್ಟು ಹಿಡಿಯಬಹುದು.

ನಮ್ಮದು ಎಣಿಸುವ ಕಚೇರಿ, ಮುಚ್ಚುವ ಕಚೇರಿಯಲ್ಲ. ಅಪ್ಪನಿಗೆ ಹೇಳಿ, ಯಾರೂ ಬಂದು ಏನನ್ನೂ ಮುಟ್ಟುವುದಿಲ್ಲ. ಇದು ನನ್ನ ಮಾತು.

ನಿಮ್ಮ
ಪುಟ್ಟಿ

*

ಫೆಬ್ರವರಿ 9

ಪುಟ್ಟಿ, ನಿನ್ನ ಮಾತು ಸಿಕ್ಕಿದ ಮೇಲೆ ನನಗೆ ಬೇರೆ ಏನೂ ಬೇಡ. ಇಗೋ ಬರೆಯುತ್ತೇನೆ.

ನಿನ್ನಪ್ಪ ಆ ಕೊಳವೆಗೆ ಇನ್ನೊಂದು ಕೊಳವೆ ಬೆಸೆದು, ಹಳೆಯ ಫ್ಯಾನ್ ಮನೆಯ ಹಿಂದಿನಿಂದ ನಮ್ಮ ಲೈನ್ ಮನೆಗಳವರೆಗೆ ತಂದಿದ್ದಾನೆ. ನಮ್ಮ ಸಾಲಿನ ಆರೂ ಮನೆಯ ಒಲೆ ಉರಿಯುವುದು ಅದರಿಂದಲೇ. ನಡುವೆ ಒಂದು ನೀರಿನ ಡ್ರಮ್ಮು ಇಟ್ಟಿದ್ದಾನೆ. ಗ್ಯಾಸು ನೀರೊಳಗಿಂದ ಗುಳುಗುಳು ಎನ್ನುತ್ತಾ ಬರಬೇಕು, ಬೆಂಕಿ ಹಿಂದಕ್ಕೆ ಓಡಿದರೆ ನೀರಿನಲ್ಲಿ ಸಾಯಬೇಕು. ಯಾರ ಮನೆಯಲ್ಲೂ ಇಷ್ಟು ದಿನ ಒಂದು ಮೈ ಸುಟ್ಟದ್ದಿಲ್ಲ. ಉಳಿದ ಗ್ಯಾಸು ಡ್ರಮ್ಮಿನ ಮೇಲಿನ ಬಾಯಿಂದ ಬಯಲಿಗೆ ಹೋಗುತ್ತದೆ, ಅದು ಉರಿಯುವುದಕ್ಕಿಂತ ಬಹಳ ಹೆಚ್ಚು. ಹತ್ತಿರ ಹೋದರೆ ದೊಡ್ಡ ಪ್ರಾಣಿ ಉಸಿರು ಬಿಡುವ ಹಾಗೆ ಕೇಳಿಸುತ್ತದೆ.

ನಾನು ಇಷ್ಟು ಬರೆಯುವಾಗ ನಿನ್ನಪ್ಪ ಬೆನ್ನ ಹಿಂದೆ ನಿಂತಿದ್ದ. "ಕೊಳವೆ ಬಾಯಿ ಎಷ್ಟು ಅಗಲ ಅಂತ ನಿನಗೇನು ಗೊತ್ತು? ಸುಮ್ನೆ ಏನೋ ಬರೆದು ಕಳಿಸ್ಬೇಡ, ಅವಳು ಕಚೇರಿಯಲ್ಲಿ ನಗೆಪಾಟಲಾಗ್ತಾಳೆ" ಎಂದ. ಬರೀಬೇಡ ಎಂದವನೇ ಅಳತೆಪಟ್ಟಿ ಹಿಡಿದು ಹೋದ. ಬಂದವನು ಗುಬ್ಬಿ ಹೋದ ಸಲ ಬಿಟ್ಟುಹೋದ ಬಣ್ಣದ ಪೆನ್ಸಿಲು ಹುಡುಕಿ ಪೂರಾ ನಕ್ಷೆ ಬರೆದ. ಡ್ರಮ್ಮು ನೀಲಿ, ಕೊಳವೆ ಕೆಂಪು. ಎಲ್ಲೆಲ್ಲಿ ಬೆಸುಗೆ, ಎಲ್ಲೆಲ್ಲಿ ನಲ್ಲಿ, ಎಲ್ಲ ಇದೆ. ಮೂಲೆಯಲ್ಲಿ ತನ್ನ ಹೆಸರು ಹಾಕಿ, ಮತ್ತೆ ಏನೆನಿಸಿತೋ ಅಳಿಸಿ "ಫಿಟ್ಟರ್" ಎಂದಷ್ಟೇ ಬರೆದಿದ್ದಾನೆ. "ಅವಳಿಗೆ ಅರ್ಥ ಆಗುತ್ತಾ ಕೇಳು" ಎಂದ. ನೀನು ಅವನ ಹತ್ತಿರ ಲೆಕ್ಕ ಕಲಿಯಲು ಕೂರುತ್ತಿದ್ದಾಗಲೂ ಹೀಗೇ ಕೇಳುತ್ತಿದ್ದ, ನಿನಗೆ ನೆನಪಿರಬೇಕು.

ನಿನ್ನ ಗೋಡೆಯ ನಕ್ಷೆಯ ಮಾತು ಓದಿ ನನಗೆ ಒಂದು ಥರ ಆಯಿತು. ಕಲ್ಲಿದ್ದಲಿನ ಗೆರೆ ಎಲ್ಲಕ್ಕಿಂತ ಎತ್ತರವಿದ್ದ ಕಾಲ ಅಂದೆಯಲ್ಲ, ಆಗ ನೀನು ಅಂಗಾಲು ಊರಿ ನಡೆಯುವುದನ್ನು ಕಲಿಯುತ್ತಿದ್ದೆ. ದೀಪದ ಕೋಣೆಯ ಮುಂದೆ ಪಾಳಿ ಬದಲಾಗುವಾಗ ನಿಲ್ಲಲು ಜಾಗವಿರುತ್ತಿರಲಿಲ್ಲ. ಎಲ್ಲರಿಗೂ ಕೆಲಸವಿತ್ತು, ಎಲ್ಲರೂ ಕೆಮ್ಮುತ್ತಿದ್ದರು. ದೇಶಕ್ಕೆ ಕೆಟ್ಟದ್ದು ಮಾಡುತ್ತಿದ್ದೇವೆ ಅಂತ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೆಲಸ ಬಿಡುತ್ತಿದ್ದೆವೋ ಇಲ್ಲವೋ.

ಮಕ್ಕಳನ್ನು ಕರೆದುಕೊಂಡು ಬಾ. ಡ್ರಮ್ಮಿನ ಗುಳುಗುಳು ನೋಡಿದರೆ ಡಬ್ಬಿ ಅಲ್ಲಿಂದ ಏಳುವುದಿಲ್ಲ.

ನಿನ್ನ ಅತ್ತೆ

*

ಏಪ್ರಿಲ್ 17

ಪುಟ್ಟಿಗೆ ಆಶೀರ್ವಾದಗಳು.

ಮನೆಯಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಕೆಲಸದ ಒತ್ತಡವಿರಬೇಕು.

ಹೋದ ವಾರ ಎರಡು ಲಾರಿ ಬಂದವು. ಒಂದರಲ್ಲಿ ಸಿಮೆಂಟು, ಇನ್ನೊಂದರಲ್ಲಿ ಜನ. ಗಣಿ ಸುರಕ್ಷತೆಯ ಕಚೇರಿಯವರಂತೆ. ಒರಟರಲ್ಲ, ಚಪ್ಪಲಿ ಬಿಚ್ಚಿ ಒಳಗೆ ಬಂದು ಮಾತಾಡಿದರು. ಅಕ್ರಮವಾಗಿ ಗ್ಯಾಸು ಎಳೆದಿದ್ದೀರಿ, ಜೀವಕ್ಕೆ ಅಪಾಯ, ಕೊಳವೆಯನ್ನು ಮುಚ್ಚಲು ಆದೇಶವಾಗಿದೆ ಎಂದರು. ಆ ಸಾಹೇಬರ ಕೈಯಲ್ಲಿ ಒಂದು ಕಾಗದವಿತ್ತು. ನೆರಳಚ್ಚು ಮಾಡಿಸಿದ್ದರಿಂದ ನೀಲಿ ಕೆಂಪು ಎರಡೂ ಕಪ್ಪಾಗಿದ್ದವು. ಆದರೂ ನಿನ್ನಪ್ಪ ದೂರದಿಂದಲೇ ಗುರುತು ಹಿಡಿದ. ಬೆಸುಗೆ ಎಲ್ಲಿದೆ, ನಲ್ಲಿ ಎಲ್ಲಿದೆ ಅಂತ ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಅದನ್ನು ನೋಡಿಕೊಂಡು ಒಂದೊಂದಾಗಿ ಬಿಚ್ಚುತ್ತಾ ಹೋದರು.

ಡ್ರೈವರಣ್ಣ ಒಬ್ಬನೇ ಜಗಳಕ್ಕೆ ನಿಂತ. "ಒಳಗಿರೋದು ಎಲ್ಲಿಗೆ ಹೋಗ್ಬೇಕು ಸ್ವಾಮಿ? ಅದಕ್ಕೇನು ಮನೆ ಮಠ ಇದ್ಯಾ?" ಎಂದು ಕೇಳಿದ. ಸಾಹೇಬರು, "ಸೀಲ್ ಮಾಡಿದ್ಮೇಲೆ ಒಳಗೇ ಇರುತ್ತೆ ಬಿಡಿ" ಎಂದರು. ಕೊನೆಗೆ ಅವರು ಕೊಳವೆ ಕತ್ತರಿಸಲಾರದೆ ಒದ್ದಾಡುವಾಗ ನಿನ್ನಪ್ಪ ಎದ್ದು ಹೋಗಿ, ತಾನೇ ಬೆಸೆದ ಕೀಲನ್ನು ತಾನೇ ಬಿಡಿಸಿಕೊಟ್ಟು ಬಂದ. ಸಂಜೆಯ ಹೊತ್ತಿಗೆ ಗಾಳಿಬಾವಿಯ ಮೇಲೆ ಬೂದು ಬಣ್ಣದ ಗುಡ್ಡೆಯಾಯಿತು. ಅದರ ಮೇಲೆ ಕೋಲಿನಿಂದ ದಿನಾಂಕ ಗೀಚಿದರು.

ಒಲೆ ಬೇರೆ ಮಾಡಿಕೊಂಡಿದ್ದೇವೆ, ಅದು ದೊಡ್ಡ ಮಾತಲ್ಲ. ಆದರೆ ಆ ಉಸಿರಾಟದ ಸದ್ದು ನಿಂತುಹೋಗಿದೆ. ಅದು ಇಷ್ಟು ದಿನ ಕೇಳಿಸುತ್ತಿತ್ತು ಅಂತ ನಿಂತ ಮೇಲೆ ಗೊತ್ತಾಯಿತು.

ನಿನಗೆ ಏನಾದರೂ ಹೇಳಬೇಕೇ ಎಂದು ನಿನ್ನಪ್ಪನನ್ನು ಕೇಳಿದೆ. "ಲೆಕ್ಕದಮ್ಮನಿಗೆ ಲೆಕ್ಕ ಸರಿಹೋಯ್ತಾ ಅಂತ ಕೇಳು" ಎಂದ. ಕೇಳಿದ್ದೇನೆ. ಇದಕ್ಕೆ ಸಿಟ್ಟಿನಿಂದ ಉತ್ತರ ಬರೆಯಬೇಡ.

ನಿನ್ನ ಅತ್ತೆ

*

ಮೇ 2

ಅತ್ತೆಗೆ,

ನಾನು ಕೊಟ್ಟ ಮಾತು ಉಳಿಯಲಿಲ್ಲ. ನಕ್ಷೆಯನ್ನು ನಾನು ನಮ್ಮ ಮೇಲಿನವರಿಗೆ ಒಪ್ಪಿಸಿದೆ. ಅಪ್ಪ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ ಕೋಣೆಯವರಿಗೆಲ್ಲ ತೋರಿಸಿದ್ದೆ. ಗಣಿಯ ವಿವರ ಏನೇ ಬಂದರೂ ಸುರಕ್ಷತೆಯ ಕಚೇರಿಗೆ ಒಂದು ಪ್ರತಿ ಹೋಗಬೇಕಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ಅಪ್ಪನ ಮುಂದೆ ನಿಲ್ಲುವ ಮಾತಲ್ಲ.

ಲೆಕ್ಕ ಸರಿಹೋಗಲಿಲ್ಲ ಅಂತ ಅವರಿಗೆ ಹೇಳಿ. ಕೊಳವೆ ತೆರೆದಿತ್ತು ಅಂತ ನಾನು ಬರೆದ ಅಂಕಿ ಒಂದು ತಿಂಗಳು ಪುಸ್ತಕದಲ್ಲಿತ್ತು. ಸೀಲ್ ಮಾಡಿದ ವರದಿ ಬಂದ ದಿನ ನಿಯಮದ ಪ್ರಕಾರ ಅದನ್ನು ತೆಗೆದು ಮತ್ತೆ ಸೊನ್ನೆ ಮಾಡಿದ್ದಾರೆ. ಸೀಲ್ ಆದ ಗಣಿಯಲ್ಲಿ ಯಾರಾದರೂ ಯಂತ್ರ ಹಿಡಿದು ಅಳೆದ ಅಂಕಿ ಇದ್ದರೆ ಮಾತ್ರ ಸೊನ್ನೆಯನ್ನು ಬದಲಾಯಿಸಬಹುದು. ಸೀಲ್ ಆದ ಗಣಿಯನ್ನು ಅಳೆಯಲು ಯಾರೂ ಹೋಗುವುದಿಲ್ಲ.

ಡ್ರೈವರಣ್ಣ ಕೇಳಿದ್ದೇ ಸರಿಯಾದ ಪ್ರಶ್ನೆ. ಅದು ಒಳಗೇ ಇರುವುದಿಲ್ಲ. ಬಿರುಕು ಹುಡುಕಿಕೊಂಡು ಬರುತ್ತದೆ. ಕೊಳವೆಯನ್ನು ಮತ್ತೆ ತೆರೆಯಿಸಲು ಎರಡು ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಕಿಟಕಿಗಳನ್ನು ಮುಚ್ಚಬೇಡಿ. ಮೀಥೇನು ಗಾಳಿಗಿಂತ ಹಗುರ, ಮೇಲೇ ಸೇರಿಕೊಳ್ಳುತ್ತದೆ. ಮಾಡಿನ ಹತ್ತಿರ ಕಿಂಡಿಗಳಿದ್ದರೆ ಒಳ್ಳೆಯದು.

ಅಪ್ಪನಿಗೆ ಬೇರೆ ಕಾಗದ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ.

ಪುಟ್ಟಿ

*

ಅಕ್ಟೋಬರ್ 21

ಪುಟ್ಟಿಗೆ ಆಶೀರ್ವಾದಗಳು.

ಗುಬ್ಬಿ ಕಳಿಸಿದ ಚಿತ್ರ ಬಂತು. ನನ್ನ ಮಂಡಿಯನ್ನು ಕುಂಬಳಕಾಯಿಯಷ್ಟು ದೊಡ್ಡದಾಗಿ ಬರೆದಿದ್ದಾಳೆ, ಸರಿಯಾಗಿಯೇ ಬರೆದಿದ್ದಾಳೆ. ನಿನ್ನಪ್ಪ ಅದನ್ನು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾನೆ, ತಾನು ಅಂಟಿಸಿದ್ದಲ್ಲ, ಗಾಳಿಗೆ ಹಾರಿ ಬಂದು ಕೂತದ್ದು ಎನ್ನುವ ಹಾಗೆ ಮುಖ ಮಾಡುತ್ತಾನೆ.

ಇಲ್ಲಿನ ಸುದ್ದಿ ಒಳ್ಳೆಯದಿಲ್ಲ. ಮಳೆ ಬಂದಾಗ ಅಂಗಳದಲ್ಲಿ ನಿಂತ ನೀರು ಕುದಿಯುವ ಹಾಗೆ ಗುಳ್ಳೆ ಬಿಡುತ್ತಿತ್ತು. ಮುಟ್ಟಿದರೆ ತಣ್ಣಗೆ. ನಮ್ಮ ಅಡುಗೆಮನೆಯ ನೆಲದಲ್ಲಿ ಒಂದು ಬಿರುಕು ಬಿಟ್ಟಿದೆ, ನಿನ್ನಪ್ಪನ ಕೋಣೆಯಲ್ಲಿ ಎರಡು. ಅವನ ಕೋಣೆ ಎರಡು ಮೆಟ್ಟಿಲು ತಗ್ಗಿನಲ್ಲಿದೆಯಲ್ಲ, ಅಲ್ಲಿಗೇ ಮೊದಲು ಬಂತು. ಅವನು ಕೂಡಲೇ ಕೆಲಸಕ್ಕೆ ನಿಂತ. ಆರೂ ಮನೆಯ ಗೋಡೆಗಳಲ್ಲಿ ಮಾಡಿಗೆ ತಾಗಿದ ಹಾಗೆ ಕಿಂಡಿ ಕೊರೆದ. "ನಿನ್ನ ಸೊಸೆ ಹೇಳಿದ್ದು ಈ ಎತ್ತರವೇ ತಾನೆ?" ಎಂದು ನನ್ನನ್ನು ಕೇಳಿ ಕೇಳಿ ಕೊರೆದ. ನನ್ನ ಮಗಳು ಎನ್ನಲು ಅವನಿಗೆ ಇನ್ನೂ ಬಾಯಿ ಬರುತ್ತಿಲ್ಲ. ಆದರೆ ನಿನ್ನ ಕಾಗದದ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದ.

ದಿನಾ ಸಂಜೆ ಜಾಲರಿ ದೀಪ ಹೊತ್ತಿಸಿಕೊಂಡು ಮನೆ ಮನೆ ಸುತ್ತುತ್ತಾನೆ. ನಾನು ದೀಪದ ಕೋಣೆಯಿಂದ ತಂದಿಟ್ಟುಕೊಂಡಿದ್ದ ಹಳೆಯದು, ಜಾಲರಿ ಇರುವುದರಿಂದ ಬೆಂಕಿ ಹೊರಗಿನ ಗ್ಯಾಸಿಗೆ ತಾಗುವುದಿಲ್ಲ. ಗಣಿಯಲ್ಲಿ ಮಾಡುತ್ತಿದ್ದ ಹಾಗೆಯೇ ಕೋಲಿಗೆ ಸಿಕ್ಕಿಸಿ ನಿಧಾನವಾಗಿ ಮಾಡಿನವರೆಗೆ ಎತ್ತುತ್ತಾನೆ. ಜ್ವಾಲೆಯ ತಲೆಗೆ ನೀಲಿ ಟೋಪಿ ಬಂದರೆ ಗ್ಯಾಸು. ಕಿಂಡಿ ಕೊರೆದ ಮೇಲೆ ಟೋಪಿ ಬಂದಿಲ್ಲ. ಸಾಲಿನವರೆಲ್ಲ ಅವನು ದೀಪ ಇಳಿಸುವವರೆಗೆ ಉಸಿರು ಹಿಡಿದು ನಿಂತು, ಆಮೇಲೆ ಊಟಕ್ಕೆ ಕೂರುತ್ತಾರೆ. ಕೊನೆಯ ಮನೆಗೆ ಹೊಸದಾಗಿ ಬಂದ ಬೇಕರಿಯವಳಿಗೆ ಕೈಗೂಸಿದೆ. ಅವಳು ಮಾತ್ರ, "ತಾತ, ಇನ್ನೊಂದ್ಸಲ ಎತ್ತಿ" ಎಂದು ಎರಡು ಸಲ ನೋಡಿಸುತ್ತಾಳೆ.

ಕೆಂಪಿಯ ಕರು ಹೋಯಿತು. ಕೊಟ್ಟಿಗೆಯಲ್ಲಿ ಮಲಗಿದ್ದು ಮಲಗಿದ ಹಾಗೇ ಇತ್ತು. ಕೆಂಪಿ ಪಕ್ಕದಲ್ಲಿ ನಿಂತಿದ್ದಳು, ಅವಳಿಗೇನೂ ಆಗಿಲ್ಲ. ದನದ ಡಾಕ್ಟರು ಹೊಟ್ಟೆಯುಬ್ಬರ ಎಂದರು. ಹಸಿ ಹುಲ್ಲು ಹೆಚ್ಚಾಗಿರಬೇಕು, ನಾನೇ ಹಾಕಿದ್ದು.

ಚಳಿ ಶುರುವಾಗಿದೆ. ಕಿಟಕಿ ತೆರೆದು ಮಲಗಲು ಆಗುವುದಿಲ್ಲ, ಕಿಂಡಿಗಳು ಮಾತ್ರ ತೆರೆದಿವೆ. ನಿನ್ನಪ್ಪ ಮಂಚ ಬೇಡವೆಂದು ಎತ್ತಿಸಿದ್ದಾನೆ. ಗ್ಯಾಸಿದ್ದ ಕಡೆ ತಲೆ ತಗ್ಗಿಸಿ ಇರಬೇಕು ಅನ್ನುವುದು ಗಣಿಗೆ ಇಳಿದ ಮೊದಲ ದಿನ ಕಲಿಸುವ ಪಾಠ, ಮೇಲಿರುವುದು ಮೇಲೇ ಇರಲಿ ಎನ್ನುತ್ತಾನೆ. ನಾನೂ ಸರಿ ಎಂದು ನೆಲಕ್ಕೆ ಹಾಸಿಗೆ ಹಾಸಿಕೊಟ್ಟಿದ್ದೇನೆ. ನಿನಗೂ ಇದು ಸರಿಯೆನಿಸುತ್ತದೆಯೇ? ನಿನ್ನ ಅರ್ಜಿಗಳು ಏನಾದವು?

ಅವನು ಕೇಳಿಸಿಕೊಳ್ಳುವ ಹಾಗೆ ಒಂದು ಸಾಲು ಬರೆ. ನಾನು ಗಟ್ಟಿಯಾಗಿ ಓದುತ್ತೇನೆ.

ನಿನ್ನ ಅತ್ತೆ

*

ನವೆಂಬರ್ 4

ಅತ್ತೆಗೆ ನಮಸ್ಕಾರಗಳು.

ಅರ್ಜಿ ಎರಡೂ ಹಿಂದೆ ಬಂದವು. ನಮ್ಮ ಪುಸ್ತಕದಲ್ಲಿ ಆ ಗಣಿಗೆ ಸೊನ್ನೆ ಇರುವಾಗ ಕೊಳವೆ ತೆರೆಯುವ ಅಗತ್ಯವೇನು ಎಂದು ಷರಾ ಬರೆದಿದ್ದಾರೆ. ನಾನು ನೇರವಾಗಿ ಹೋಗಿ ಜಗಳವಾಡಿದೆ. ಕೊನೆಗೆ ಒಬ್ಬ ಇನ್‌ಸ್ಪೆಕ್ಟರನ್ನು ಯಂತ್ರ ಕೊಟ್ಟು ಕಳಿಸಲು ಒಪ್ಪಿದ್ದಾರೆ, ಈ ತಿಂಗಳ ಕೊನೆಯೊಳಗೆ ಬರುತ್ತಾರೆ.

ಅಪ್ಪ ಮಾಡಿದ್ದು ಸರಿಯಾಗಿದೆ. ಕೆಳಗೇ ಮಲಗಲಿ. ನೀವೂ ಕೆಳಗೇ ಮಲಗಿ.

ಇನ್ನು ಇದನ್ನು ಗಟ್ಟಿಯಾಗಿ ಓದಿ: ಅಪ್ಪ, ಇನ್‌ಸ್ಪೆಕ್ಟರು ಬರುವ ದಿನ ನಾನೂ ಬರುತ್ತೇನೆ. ಡಬ್ಬಿಯನ್ನು ಕರೆತರುತ್ತೇನೆ. ಯಂತ್ರವನ್ನು ಎಲ್ಲೆಲ್ಲಿ ಹಿಡಿಯಬೇಕು ಅಂತ ನೀವೇ ತೋರಿಸಬೇಕು.

ಪುಟ್ಟಿ

*

ಡಿಸೆಂಬರ್ 20

ಅತ್ತೆಗೆ,

ಇಲ್ಲಿಗೆ ಬಂದು ಸೇರಿದೆವು. ಅಲ್ಲಿ ನಾನು ಯಾರ ಜೊತೆಯೂ ಮಾತಾಡಲಿಲ್ಲ, ನಿಮ್ಮ ಜೊತೆಯೂ. ಕ್ಷಮಿಸಿ.

ಅಪ್ಪ ಹೋದದ್ದಕ್ಕೆ ಡಾಕ್ಟರು ಹೃದಯ ಎಂದು ಬರೆದುಕೊಟ್ಟಿದ್ದಾರೆ. ಅಪ್ಪನ ಹೃದಯಕ್ಕೆ ಏನೂ ಆಗಿರಲಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗೋಡೆಯ ಮೇಲಿನ ಚಿತ್ರವನ್ನು ಗುಬ್ಬಿ ಬಿಚ್ಚಿ ತಂದಿದ್ದಾಳೆ, ಕೊಡುವುದಿಲ್ಲ ಎನ್ನುತ್ತಾಳೆ.

ಕೆಲಸ ಬಿಡುತ್ತೇನೆಂದು ಬರೆದು ಕೊಟ್ಟಿದ್ದೇನೆ. ಫೆಬ್ರವರಿ ಕೊನೆಗೆ ಪುಸ್ತಕ ಅಚ್ಚಿಗೆ ಹೋದ ಮೇಲೆ ಬಿಡಬಹುದು ಎಂದಿದ್ದಾರೆ. ಅಲ್ಲಿಯವರೆಗೆ ರಜೆ ಹಾಕಿದ್ದೇನೆ. ನನಗೆ ಒಂದು ಅಂಕಿಯನ್ನೂ ಬರೆಯಲು ಆಗುತ್ತಿಲ್ಲ.

ಪುಟ್ಟಿ

*

ಜನವರಿ 8

ನನ್ನ ಪುಟ್ಟಿಗೆ,

ಈ ಕಾಗದವನ್ನು ಬರೆಯಬೇಡ ಅಂತ ಡ್ರೈವರಣ್ಣ ಎರಡು ದಿನ ಅಡ್ಡ ಕೂತ. "ಹುಡುಗಿ ಸತ್ತೇಹೋಗ್ತಾಳೆ ಅಕ್ಕ, ಹೃದಯ ಅಂದಿದ್ದಾರಲ್ಲ, ಹಾಗೇ ಇರ್ಲಿ ಬಿಡಿ" ಎಂದ. ಹಾಗೇ ಇರಲಿ ಅಂತ ನಾನೂ ಹೊಸ ವರ್ಷದವರೆಗೆ ಬಿಟ್ಟೆ. ಇನ್ನು ಬಿಡಲು ಆಗುವುದಿಲ್ಲ. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಆ ಬೆಳಿಗ್ಗೆ ನಾನು ಚಹಾ ಹಿಡಿದುಕೊಂಡು ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕರೆದೆ, ಏಳಲಿಲ್ಲ. ಡ್ರೈವರಣ್ಣ ಓಡಿಬಂದು ಎತ್ತಲು ಬಗ್ಗಿದ. ಬಗ್ಗಿದವನು ತಲೆ ತಿರುಗಿ ಗೋಡೆ ಹಿಡಿದುಕೊಂಡ. ದುಃಖಕ್ಕೆ ಹಾಗಾಯಿತು ಅಂತ ಎಲ್ಲರೂ ಅಂದುಕೊಂಡೆವು. ನೀವೆಲ್ಲ ಬಂದು ಹೋದಿರಿ. ನೀವು ಹೋದ ನಾಲ್ಕನೆಯ ದಿನ ಇನ್‌ಸ್ಪೆಕ್ಟರು ಬಂದ. ನವೆಂಬರಿನ ಕೊನೆಯೊಳಗೆ ಬರಬೇಕಾಗಿದ್ದವನು. ಚಿಕ್ಕ ವಯಸ್ಸಿನವನು, ಪಾಪ, ನೆಗಡಿಯಾಗಿತ್ತು. ನಿನ್ನಪ್ಪನ ಕೋಣೆಯಲ್ಲಿ ಯಂತ್ರವನ್ನು ಮಾಡಿನ ಹತ್ತಿರ ಎತ್ತಿ ಹಿಡಿದ. ಏನೂ ಇಲ್ಲ, ಗಾಳಿ ಚೆನ್ನಾಗಿದೆ ಎಂದ. ಕಿಂಡಿ ಯಾರು ಕೊರೆದದ್ದು, ಅಚ್ಚುಕಟ್ಟಾಗಿದೆ ಎಂದ. ಆಮೇಲೆ ಕರವಸ್ತ್ರ ಬಿತ್ತು ಅಂತ ಎತ್ತಿಕೊಳ್ಳಲು ಬಗ್ಗಿದ, ಕೈಯಲ್ಲಿದ್ದ ಯಂತ್ರ ಕೂಗಲು ಶುರುಮಾಡಿತು.

ಅವನೂ ಬೆಚ್ಚಿಬಿದ್ದ. ಮತ್ತೆ ಎತ್ತಿದ, ನಿಂತಿತು. ಇಳಿಸಿದ, ಕೂಗಿತು. ಡ್ರೈವರಣ್ಣ ಒಳಗಿಂದ ಜಾಲರಿ ದೀಪ ಹೊತ್ತಿಸಿ ತಂದು, ಮೇಲೆತ್ತದೆ, ನೆಲದ ಕಡೆ ಇಳಿಸಿದ. ಮಂಡಿಯ ಮಟ್ಟಕ್ಕೆ ಬರುವಷ್ಟರಲ್ಲಿ ಅದು ಸುಮ್ಮನೆ ಆರಿಹೋಯಿತು. ಅವನು ಆರಿದ ದೀಪ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. "ಇಷ್ಟು ದಿನ ಎತ್ತಿ ಎತ್ತಿ ನೋಡಿದ್ವಲ್ಲ ಅಕ್ಕ" ಎಂದ.

ಇನ್‌ಸ್ಪೆಕ್ಟರು ಬಿಡಿಸಿ ಹೇಳಿದ. ಮುಚ್ಚಿಹಾಕಿದ ಗ್ಯಾಸು ಮೇಲೆ ಬರುವಾಗ ಹಳೆಯ ಸುರಂಗಗಳ ಸತ್ತ ಗಾಳಿಯನ್ನೂ ನೂಕಿಕೊಂಡು ಬರುತ್ತದಂತೆ. ಗ್ಯಾಸು ಹಗುರ, ನಿನ್ನಪ್ಪ ಕೊರೆದ ಕಿಂಡಿಯಿಂದ ಹೊರಗೆ ಹೋಗಿಬಿಡುತ್ತದೆ. ಸತ್ತ ಗಾಳಿ ಭಾರ. ಅದರಲ್ಲಿ ಉಸಿರಿಲ್ಲ. ತಗ್ಗಿನ ಕೋಣೆಯಲ್ಲಿ ನೀರಿನ ಹಾಗೆ ನಿಂತಿರುತ್ತದೆ, ವಾಸನೆಯಿಲ್ಲ, ಬಣ್ಣವಿಲ್ಲ. ನಿಂತವರಿಗೆ ಏನೂ ಆಗುವುದಿಲ್ಲ, ಮಲಗಿದವರು ಏಳುವುದಿಲ್ಲ. ಕರು ಹೋದದ್ದೂ ಹಾಗೆಯೇ. ನಮ್ಮ ಗಣಿಯಲ್ಲಿ ಸತ್ತವರೆಲ್ಲ ಬೆಂಕಿಯಿಂದ ಸತ್ತವರು ಪುಟ್ಟಿ. ದೀಪದ ಕೋಣೆಯ ಫಲಕಗಳೆಲ್ಲ ಬೆಂಕಿಯ ಮಾತೇ ಹೇಳುತ್ತಿದ್ದವು. ಕೆಳಗೆ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ನಿನ್ನ ನವೆಂಬರಿನ ಕಾಗದ ನನ್ನ ಮುಂದೆಯೇ ಇದೆ. ಕೆಳಗೇ ಮಲಗಲಿ ಅಂತ ನೀನು ಬರೆದೆ. ನಾನು ಹಾಸಿಗೆ ಹಾಸಿದೆ. ಅವನು ಮಲಗಿದ. ಮೂವರಿಗೂ ಗೊತ್ತಿದ್ದದ್ದು ಒಂದೇ ಪಾಠ. ಇದರಲ್ಲಿ ನಿನ್ನ ಪಾಲೆಷ್ಟು ನನ್ನ ಪಾಲೆಷ್ಟು ಅಂತ ನಾನು ಕೂತು ಭಾಗ ಮಾಡಲಾರೆ, ನೀನೂ ಮಾಡಬೇಡ. ಅವನು ಹೋಗುವ ಹಿಂದಿನ ಸಂಜೆ ಡಬ್ಬಿ ಬರುತ್ತಾನೆಂದು ಆ ಹಳೆಯ ಡ್ರಮ್ಮನ್ನು ತೊಳೆದು ನೀರು ತುಂಬಿಸುತ್ತಿದ್ದ. ಗುಳುಗುಳು ತೋರಿಸಲು ಸೈಕಲ್ಲಿನ ಪಂಪು ಹುಡುಕುತ್ತಿದ್ದ. ನಿನ್ನ ಮೇಲೆ ಸಿಟ್ಟಿದ್ದವನು ಹಾಗೆ ಮಾಡುವುದಿಲ್ಲ. ಇಷ್ಟು ಮಾತ್ರ ನನಗೆ ಖಂಡಿತ ಗೊತ್ತು.

ಈಗ ನಾನು ಬರೆಯಬೇಕಾದ ಮಾತಿಗೆ ಬರುತ್ತೇನೆ. ನಾವು ಇನ್ನೂ ಇಲ್ಲೇ ಇದ್ದೇವೆ. ಆರೂ ಮನೆಯ ಜನ. ಮಂಚದ ಕಾಲಿನಡಿ ಇಟ್ಟಿಗೆ ಇಟ್ಟುಕೊಂಡು ಮಲಗುತ್ತೇವೆ. ಬೇಕರಿಯವಳ ಕೂಸು ಈಗ ಅಂಬೆಗಾಲಿಡುವ ವಯಸ್ಸಿಗೆ ಬಂದಿದೆ. ಅದನ್ನು ಕೆಳಗೆ ಬಿಡುವ ಹಾಗಿಲ್ಲ. ಹಗಲೆಲ್ಲ ಸರದಿಯ ಮೇಲೆ ಎತ್ತಿಕೊಂಡು ತಿರುಗುತ್ತೇವೆ, ಅದು ನೆಲಕ್ಕೆ ಇಳಿಯಬೇಕು ಅಂತ ಕಾಲು ಒದೆಯುತ್ತಾ ಅಳುತ್ತದೆ. ಬೇರೆ ಕಡೆ ಜಾಗ ಕೊಡಿ ಅಂತ ಕಚೇರಿಗೆ ಹೋದರೆ, ಆ ಗಣಿಗೆ ಸೊನ್ನೆ ಇದೆ, ಸೊನ್ನೆ ಇರುವ ಕಡೆಯಿಂದ ಜನರನ್ನು ಎಬ್ಬಿಸಲು ನಿಯಮವಿಲ್ಲ ಎಂದರು. ಸತ್ತವನಿದ್ದಾನಲ್ಲ ಎಂದೆ. ಹೃದಯ ಎಂದು ಬರೆದಿದೆಯಲ್ಲ ಎಂದರು.

ಇನ್‌ಸ್ಪೆಕ್ಟರು ಬಿರುಕುಗಳ ಬಾಯಲ್ಲಿ ಎಲ್ಲವನ್ನೂ ಅಳೆದುಕೊಂಡಿದ್ದಾನೆ. ಮೀಥೇನೂ ಇದೆ, ಸತ್ತ ಗಾಳಿಯೂ ಇದೆ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜಿ, ಇದನ್ನ ನಾನಾಗಿ ಕಳಿಸೋ ಹಾಗಿಲ್ಲ. ಎಣಿಸೋ ಕಚೇರಿಯವರು ಬರೆದು ಕೇಳಿದ್ರೆ ಕೊಡಲೇಬೇಕು. ಯಾರೂ ಕೇಳದಿದ್ರೆ ನನ್ನ ಮೇಜಿನಲ್ಲೇ ಉಳಿಯುತ್ತೆ" ಎಂದ. ಯಾರು ಕೇಳುತ್ತಾರೆ ಪುಟ್ಟಿ? ನಿನ್ನ ಕುರ್ಚಿಗೆ ಬರುವವರಿಗೆ ಇಂಥದ್ದೊಂದು ಅಳತೆ ಇದೆ ಅಂತ ಗೊತ್ತೇ ಇರುವುದಿಲ್ಲ. ಸೀಲ್ ಆಗಿದೆ ಎಂದು ಓದಿ ಸೊನ್ನೆ ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಬೇರೆ ಗಣಿಗಳ ಮೇಲಿನ ಮನೆಗಳಲ್ಲೂ ಯಾರೋ ಮಾಡನ್ನು ನೋಡಿ ನೋಡಿ ಕೆಳಗೆ ಮಲಗುತ್ತಿರುತ್ತಾರೆ.

ಕೆಲಸ ಬಿಡುವುದಾದರೆ ಬಿಡು, ನಾನು ಕೇಳುವುದಿಲ್ಲ. ಅದಕ್ಕೆ ಮೊದಲು ರಜೆ ಮುರಿದು ಒಂದು ದಿನ ಹೋಗು. ಆ ಅಳತೆಯನ್ನು ಕೇಳಿ ತರಿಸಿಕೋ. ಸೊನ್ನೆ ತೆಗೆದು ಇರುವುದನ್ನು ಬರೆ. ನಿಮ್ಮ ಗೋಡೆಯ ಮೇಲಿನ ಆ ಇಳಿಜಾರಿನ ಗೆರೆ ಒಂದು ಕೂದಲಿನಷ್ಟು ಮೇಲೆ ಬರಬಹುದು, ದೊಡ್ಡವರಿಗೆ ಕೋಪ ಬರಬಹುದು. ಬರಲಿ. ಬರೆದ ಮೇಲೆ ಅವರು ನಮ್ಮನ್ನು ಎಬ್ಬಿಸಲೇಬೇಕಾಗುತ್ತದೆ.

ಬರೆದರೆ ಬರೆದೆ ಎಂದು, ಬರೆಯಲಾರೆ ಎಂದರೆ ಆಗುವುದಿಲ್ಲ ಎಂದು, ಎರಡರಲ್ಲಿ ಒಂದನ್ನು ನನಗೆ ಬೇಗ ತಿಳಿಸು. ಯಾವುದನ್ನು ತಿಳಿಸಿದರೂ ನೀನು ನನ್ನ ಪುಟ್ಟಿಯೇ. ಆದರೆ ಕೂಸಿನ ತಾಯಿ ದಿನಾ ಅಂಚೆಯವನ ದಾರಿ ಕಾಯುತ್ತಾಳೆ. ಅವಳಿಗೆ ನಾನು ಏನಾದರೊಂದು ಹೇಳಬೇಕು. ಬೇಗ ಕಾಗದ ಬರೆ.

ನಿನ್ನ ಅತ್ತೆ